ಕಾರ್98 ಹಿಡಿಯೋದಾ, ಮಿನಿ14 ಹಿಡಿಯೋದಾ? ಸ್ಕ್ವಾಡ್‌ಗೆ ದೂರದಿಂದ ಕವರ್ ಕೊಡುವವರಿಗೆ

ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಗೇಮ್. ರೋಜೋಕ್ ಅನ್ನುವ ಊರಿನ ಪಕ್ಕದ ಗುಡ್ಡ. ನಾಲ್ಕು ನಾಲ್ಕು ಜನರ ಮೂರು ಸ್ಕ್ವಾಡ್ ಉಳಿದಿದ್ದವು. ನನ್ನ ಕೈಯಲ್ಲಿ ಕಾರ್98 ಸ್ನೈಪರ್ ಗನ್, ಅದರ ಮೇಲೆ 8ಎಕ್ಸ್ ಸ್ಕೋಪ್. ಕೆಳಗಿನ ಬಯಲಲ್ಲಿ ನಮ್ಮ ಹುಡುಗನೊಬ್ಬ ನಾಕ್ ಆಗಿ, ಅಂದರೆ ಪೆಟ್ಟು ತಿಂದು ನೆಲಕ್ಕೆ ಬಿದ್ದು, ಮರದ ಹಿಂದೆ ತೆವಳುತ್ತಿದ್ದ. ಇನ್ನೊಬ್ಬ ಓಡಿಬಂದು ಅವನನ್ನು ಎಬ್ಬಿಸಲು, ಅಂದರೆ ರಿವೈವ್‌ಗೆ ಕೂತ. "ಮೇಲಿಂದ ಕವರ್ ಕೊಡೋ" ಅಂತ ಮೈಕಿನಲ್ಲಿ ಕೂಗಿದ. ಎದುರಿನ ಬಂಡೆಯ ಹಿಂದೆ ಒಬ್ಬ ಇದ್ದಾನೆ ಅಂತ ನನಗೆ ಗೊತ್ತಿತ್ತು. ಅವನ ಭುಜ ಆಗಾಗ ಕಾಣುತ್ತಿತ್ತು. ನನಗೆ ಭುಜ ಬೇಡ, ತಲೆ ಬೇಕು. ಕಾದೆ. ರಿವೈವ್‌ಗೆ 10 ಸೆಕೆಂಡ್ ಬೇಕು. ಏಳೋ ಎಂಟೋ ಆಗಿರಬೇಕು, ಅವನು ಬಂಡೆಯಿಂದ ಪೂರ್ತಿ ಹೊರಗೆ ಬಂದ, ಮರದ ಕಡೆ ಒಂದು ಮ್ಯಾಗಜೀನ್ ಖಾಲಿ ಮಾಡಿದ. ನಮ್ಮವರಿಬ್ಬರೂ ಹೋದರು. ಆಗ ನನಗೆ ತಲೆ ಸಿಕ್ಕಿತು. ಹೊಡೆದೆ. ಬಿತ್ತು ಕೂಡ. ಅವನು ಹಾಕಿದ್ದು ಲೆವೆಲ್ 3 ಹೆಲ್ಮೆಟ್. ಅಲ್ಲಾಡಲೂ ಇಲ್ಲ.

ಅವತ್ತು ಬೈಸಿಕೊಂಡಷ್ಟು ನಾನು ಮನೆಯಲ್ಲೂ ಬೈಸಿಕೊಂಡಿಲ್ಲ. ಆದರೆ ಆ ಬೈಗುಳದಿಂದಲೇ ಒಂದು ವಿಷಯ ತಲೆಗೆ ಹೋಯಿತು. ಬಿಜಿಎಂಐ ಸ್ಕ್ವಾಡ್‌ನಲ್ಲಿ ಹಿಂದೆ ನಿಂತು ದೂರದ ಗನ್ ಹಿಡಿಯುವವನ ಕೆಲಸ ಮುಂದಿರುವ ಮೂವರಿಗೆ ಟೈಮ್ ಮಾಡಿಕೊಡುವುದು. ಕಿಲ್ ಬಂದರೆ ಲಾಭ, ಬರದಿದ್ದರೂ ನಡೆಯುತ್ತೆ. ಗನ್ ಆರಿಸುವಾಗ ನಾವು ಇದನ್ನು ನೋಡುವುದೇ ಇಲ್ಲ. ಪಬ್‌ಜಿ ಮೊಬೈಲ್ ಕಾಲದಿಂದ ನೋಡಿದ, ಕಿಲ್ ತುಣುಕು ಜೋಡಿಸಿದ ಮಾಂಟಾಜ್ ವಿಡಿಯೋಗಳಲ್ಲೆಲ್ಲ ಕಾರ್98ನದ್ದೇ ಸದ್ದು. 2020ರ ಸೆಪ್ಟೆಂಬರ್‌ನಲ್ಲಿ ಆ ಗೇಮ್ ಇಲ್ಲಿ ನಿಷೇಧವಾಯಿತು, 2021ರ ಜುಲೈನಲ್ಲಿ ಬಿಜಿಎಂಐ ಆಗಿ ಬಂತು, ಆ ಚಟ ಮಾತ್ರ ಹೋಗಲಿಲ್ಲ. ನೆಲದಲ್ಲಿ ಕಾರ್98 ಕಂಡರೆ ಸಾಕು, ಪಕ್ಕದಲ್ಲಿ ಮಿನಿ14 ಬಿದ್ದಿದ್ದರೂ ಯಾರೂ ತಿರುಗಿ ನೋಡಲ್ಲ.

ಹಾಗಾಗಿ ಈ ಹೋಲಿಕೆ. ಒಂದು ಕಡೆ ಬೋಲ್ಟ್ ಆಕ್ಷನ್ ಗನ್‌ಗಳು, ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದವು: ಕಾರ್98, ಮೋಸಿನ್, ಎಂ24, ಎಡಬ್ಲ್ಯೂಎಂ. ಇನ್ನೊಂದು ಕಡೆ ಡಿಎಂಆರ್‌ಗಳು, ಅಂದರೆ ಬೋಲ್ಟ್ ಎಳೆಯದೆ ಟ್ರಿಗರ್ ಒತ್ತಿದಷ್ಟು ಸಲ ಹಾರಿಸುವ ದೂರದ ರೈಫಲ್‌ಗಳು: ಮಿನಿ14, ಎಸ್‌ಕೆಎಸ್, ಎಸ್‌ಎಲ್‌ಆರ್ ಮತ್ತು ಅವುಗಳ ಬಳಗ.

ಗುಂಡು ಹೋಗಲು ಹಿಡಿಯುವ ಹೊತ್ತು

ಈ ಗೇಮ್‌ನಲ್ಲಿ ಟ್ರಿಗರ್ ಒತ್ತಿದ ತಕ್ಷಣ ಗುಂಡು ತಾಗುವುದಿಲ್ಲ. ಹಾರಿಕೊಂಡು ಹೋಗಬೇಕು, ಹೋಗುತ್ತಾ ಕೆಳಗೂ ಇಳಿಯುತ್ತೆ. ಕಾರ್98ನ ಗುಂಡಿನ ವೇಗ ಸೆಕೆಂಡಿಗೆ 760 ಮೀಟರ್. ಮಿನಿ14ನದ್ದು 990. ವಿಎಸ್‌ಎಸ್ ಅಂತೊಂದಿದೆಯಲ್ಲ, ಅದರದ್ದು ಬರೀ 330.

ಈ ಅಂಕಿಗಳನ್ನು ಸುಮ್ನೆ ಓದಿದರೆ ಏನೂ ಅನ್ನಿಸುವುದಿಲ್ಲ. ಒಬ್ಬ 200 ಮೀಟರ್ ದೂರದಲ್ಲಿ ಅಡ್ಡ ಓಡುತ್ತಿದ್ದಾನೆ ಅಂದುಕೊಳ್ಳಿ, ಸೆಕೆಂಡಿಗೆ ಹೆಚ್ಚುಕಮ್ಮಿ 6 ಮೀಟರ್. ಮಿನಿ14ನ ಗುಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನು ಒಂದೂಕಾಲು ಮೀಟರ್ ಮುಂದೆ ಹೋಗಿರುತ್ತಾನೆ. ಕಾರ್98ಗಾದರೆ ಒಂದೂವರೆ ಮೀಟರ್. ವಿಎಸ್‌ಎಸ್‌ಗಾದರೆ ಮೂರೂವರೆ ಮೀಟರಿಗೂ ಜಾಸ್ತಿ, ಅಂದರೆ ಒಂದು ಮಾರುತಿ ಕಾರಿನಷ್ಟು ಉದ್ದ. ಅಷ್ಟು ಮುಂದಕ್ಕೆ ಗುರಿ ಇಟ್ಟು ಹೊಡೆಯಬೇಕು. ವಿಎಸ್‌ಎಸ್‌ಗೆ ಸೈಲೆನ್ಸರ್ ಹುಟ್ಟಿನಿಂದಲೇ ಬಂದಿದೆ, ಮುದ್ದಾದ ಗನ್ನೂ ಹೌದು. ಆದರೆ ಅದು ದೂರದ ಗನ್ ಅಲ್ಲವೇ ಅಲ್ಲ. ನಾನು ಅದನ್ನು ಈ ಹೋಲಿಕೆಯಿಂದ ಇಲ್ಲಿಗೇ ಬಿಡುತ್ತಿದ್ದೇನೆ.

ದೂರ ಎಷ್ಟು ಅಂತ ಗೊತ್ತಾಗಬೇಕಾದರೆ ಮ್ಯಾಪಿನ ಗೆರೆ ನೋಡಿ. ಸಣ್ಣ ಚೌಕ ಒಂದಕ್ಕೆ 100 ಮೀಟರ್. ಎದುರಿನವನನ್ನು ಮಾರ್ಕ್ ಮಾಡಿ ಚೌಕ ಎಣಿಸುವ ಅಭ್ಯಾಸ ಒಂದು ವಾರ ಮಾಡಿದರೆ ಸಾಕು, ಆಮೇಲೆ ಕಣ್ಣೇ ಲೆಕ್ಕ ಹಾಕುತ್ತೆ.

ಒಂದು ನಾಕ್‌ಗೆ ಎಷ್ಟು ಬೆಲೆ

ಬೋಲ್ಟ್ ಗನ್‌ಗಳ ಆಕರ್ಷಣೆ ಎಲ್ಲ ಇರುವುದು ತಲೆಗೆ ಬೀಳುವ ಆ ಒಂದು ಗುಂಡಿನಲ್ಲಿ. ಹೆಲ್ಮೆಟ್ ಲೆವೆಲ್ 1 ಆದರೆ ಪೆಟ್ಟಿನ 30 ಶೇಕಡಾ ತಡೆಯುತ್ತೆ, ಲೆವೆಲ್ 2 ಆದರೆ 40, ಲೆವೆಲ್ 3 ಆದರೆ 55. ಕಾರ್98 ಮತ್ತು ಎಂ24 ಲೆವೆಲ್ 2ರ ತನಕ ಒಂದೇ ಗುಂಡಿನಲ್ಲಿ ಮಲಗಿಸುತ್ತವೆ. ಲೆವೆಲ್ 3 ಎದುರು ಮಲಗಿಸಲು ಎಡಬ್ಲ್ಯೂಎಂ ಬೇಕು. ಅದು ವಿಮಾನ ಉದುರಿಸುವ ಪೆಟ್ಟಿಗೆಯಲ್ಲಿ, ಅಂದರೆ ಡ್ರಾಪ್‌ನಲ್ಲಿ ಮಾತ್ರ ಸಿಗುವುದು, ಅದರ .300 ಮ್ಯಾಗ್ನಮ್ ಗುಂಡು ನೆಲದ ಲೂಟ್‌ನಲ್ಲಿ ಹುಡುಕಿದರೂ ಸಿಗಲ್ಲ. ಡಿಎಂಆರ್‌ಗಳಿಗೆ ಲೆವೆಲ್ 2 ಎದುರು ತಲೆಗೇ ಹೊಡೆದರೂ ಸಾಮಾನ್ಯವಾಗಿ ಎರಡು ಗುಂಡು ಬೇಕು.

ಇಷ್ಟು ಕೇಳಿದರೆ ಬೋಲ್ಟೇ ಗೆದ್ದಂತೆ, ಅಲ್ವಾ? ಸೋಲೋ ಆಡುವವರಿಗೆ ಹೌದು. ಅಲ್ಲಿ ತಲೆಗೆ ಬಿದ್ದರೆ ಕಥೆ ಮುಗಿಯಿತು. ಸ್ಕ್ವಾಡ್‌ನಲ್ಲಿ ಹಾಗಲ್ಲ. 300 ಮೀಟರ್ ದೂರದಲ್ಲಿ ಒಬ್ಬನನ್ನು ಮಲಗಿಸಿದಿರಿ. ಅವನು ತೆವಳಿಕೊಂಡು ಗೋಡೆ ಹಿಂದೆ ಹೋದ. ಅವನ ಗೆಳೆಯ 10 ಸೆಕೆಂಡಿನಲ್ಲಿ ಎಬ್ಬಿಸಿದ. ಒಂದು ಫಸ್ಟ್ ಏಡ್ ಹಾಕಿಕೊಂಡ, ಅದಕ್ಕೆ ಇನ್ನೊಂದು 6 ಸೆಕೆಂಡ್. ಕಾಲು ನಿಮಿಷ ಕಳೆದ ಮೇಲೆ ನೀವು ಇದ್ದಲ್ಲೇ ಇದ್ದೀರಿ, ಅವರೂ ಇದ್ದಲ್ಲೇ ಇದ್ದಾರೆ. ಬದಲಾಗಿದ್ದು ಎರಡೇ: ಅವರ ಚೀಲದಲ್ಲಿ ಒಂದು ಫಸ್ಟ್ ಏಡ್ ಕಡಿಮೆ, ನೀವು ಎಲ್ಲಿದ್ದೀರಿ ಅಂತ ಇಡೀ ಮ್ಯಾಪಿಗೆ ಗೊತ್ತು.

ಆ ಕಾಲು ನಿಮಿಷದಲ್ಲಿ ಎದುರಿನವರ ಇಬ್ಬರು ಬ್ಯುಸಿ ಇರುತ್ತಾರೆ, ಒಬ್ಬ ಮಲಗಿದವ, ಒಬ್ಬ ಎಬ್ಬಿಸುವವ. ನಾಲ್ಕು ಗನ್ ಇದ್ದಲ್ಲಿ ಎರಡಾಯಿತು. ಆಗಲೇ ನಿಮ್ಮ ಮೂವರು ಗಾಡಿ ಹತ್ತಿ ಮೇಲೆ ಬಿದ್ದರೆ ನಿಮ್ಮ ಗುಂಡಿಗೆ ಬೆಲೆ ಬಂತು. ಬೀಳದಿದ್ದರೆ ಇಲ್ಲ. ಆದ್ದರಿಂದ ಬೋಲ್ಟ್ ಗನ್ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ನಿಮ್ಮ ಗುರಿಯ ಬಗ್ಗೆ ಅಲ್ಲ. ನಮ್ಮ ಸ್ಕ್ವಾಡ್ "ನಾಕ್!" ಅಂದ ಕೂಡಲೇ ಪುಶ್ ಮಾಡುವ ಜಾತಿಯದ್ದಾ? ಹೌದಾದರೆ ಕಾರ್98 ಹಿಡಿಯಿರಿ, ನಿಮ್ಮ ಸ್ಕ್ವಾಡ್‌ಗೆ ಅದಕ್ಕಿಂತ ಒಳ್ಳೆ ಗನ್ ಇಲ್ಲ. "ಸ್ವಲ್ಪ ತಡಿ, ಲೂಟ್ ಮಾಡ್ತಿದೀನಿ" ಅನ್ನುವ ಜಾತಿಯಾದರೆ ಬೇಡ. ನನ್ನ ಗೆಳೆಯರು ಎರಡನೇ ಜಾತಿ. ಇಷ್ಟು ವರ್ಷವಾದರೂ ಬದಲಾಗಿಲ್ಲ.

ಇನ್ನೂ ಒಂದು ಲೆಕ್ಕ. ಬೋಲ್ಟ್ ಎಳೆದು ಮತ್ತೆ ಗುರಿ ಇಡಲು ಸುಮಾರು ಎರಡು ಸೆಕೆಂಡ್. ನಿಮ್ಮವನು ಬಯಲಲ್ಲಿ 6 ಸೆಕೆಂಡ್ ಕೂತು ಫಸ್ಟ್ ಏಡ್ ಹಾಕಿಕೊಳ್ಳುತ್ತಿದ್ದರೆ ಕಾರ್98ನಿಂದ ಮೂರು ಗುಂಡು ಹಾರಿಸಬಹುದು, ಬಹಳ ಆದರೆ ನಾಲ್ಕು. ಎರಡು ಗುಂಡಿನ ನಡುವೆ ಎದುರಿನವನಿಗೆ ತಲೆ ಎತ್ತಿ ಒಂದು ಸ್ಪ್ರೇ ಕೊಡುವಷ್ಟು ಪುರುಸೊತ್ತು ಸಿಗುತ್ತೆ. ಚೆನ್ನಾಗಿ ಆಡುವವರು ಬೋಲ್ಟ್ ಸದ್ದು ಕೇಳಿಯೇ ಹೊರಗೆ ಬರುತ್ತಾರೆ. ಮಿನಿ14 ಕೈಯಲ್ಲಿದ್ದರೆ ಅದೇ ಆರು ಸೆಕೆಂಡಿನಲ್ಲಿ ನಿಧಾನಕ್ಕೆ, ಒಂದೊಂದಾಗಿ, ಹದಿನೈದು ಗುಂಡು ಬಂಡೆಯ ಅಂಚಿಗೆ ಹಾಕುತ್ತಾ ಕೂರಬಹುದು. ಯಾರಾದರೂ ತಲೆ ಎತ್ತುತ್ತಾರಾ?

ಬೋಲ್ಟ್ ಬಳಗದೊಳಗೆ

ಬೋಲ್ಟೇ ಬೇಕು ಅನ್ನುವವರಿಗೆ: ಎಂ24 ಮತ್ತು ಕಾರ್98 ಎರಡೂ ಸಿಕ್ಕಿದರೆ ಎಂ24. ಪೆಟ್ಟಿನ ವ್ಯತ್ಯಾಸಕ್ಕಲ್ಲ, ಅದು ತೀರಾ ಸಣ್ಣದು. ಎಂ24ಗೆ ಮ್ಯಾಗಜೀನ್ ಇದೆ, ಎಕ್ಸ್‌ಟೆಂಡೆಡ್ ಹಾಕಿದರೆ 5ರಿಂದ 7 ಗುಂಡಾಗುತ್ತೆ, ಕೆನ್ನೆ ಆನಿಸುವ ಚೀಕ್ ಪ್ಯಾಡ್ ಕೂಡ ಕೂರುತ್ತೆ. ಕಾರ್98ಗೆ ಗುಂಡು ಒಂದೊಂದಾಗಿ ತುರುಕಬೇಕು. ಗುಂಡು ಸಿಕ್ಕಿಸಿಡುವ ಬುಲೆಟ್ ಲೂಪ್ ಸಿಕ್ಕರೆ ಸ್ವಲ್ಪ ಬೇಗ. ಕವರ್ ಕೊಡುವ ಹೊತ್ತಿಗೆ ಎರಡು ಗುಂಡು ಖಾಲಿ ಮಾಡಿಕೊಂಡು ಟಕ್, ಟಕ್ ಅಂತ ತುಂಬುತ್ತಾ ಕೂರುವ ಸಂಕಟ ಅನುಭವಿಸಿದವರಿಗೇ ಗೊತ್ತು. ಮೋಸಿನ್ ಸಿಕ್ಕರೆ ಅದೂ ಕಾರ್98 ಇದ್ದ ಹಾಗೇ, ಹೆಸರು ಮತ್ತು ವೇಷ ಮಾತ್ರ ಬೇರೆ. ಎಡಬ್ಲ್ಯೂಎಂ ಸಿಕ್ಕರೆ ನಿಮ್ಮ ಸ್ಕ್ವಾಡ್‌ನಲ್ಲಿ ಚೆನ್ನಾಗಿ ಹೊಡೆಯುವವನಿಗೆ ಕೊಡಿ, ಡ್ರಾಪ್ ಓಪನ್ ಮಾಡಿದವನಿಗಲ್ಲ. ಈ ಮಾತಿಗೆ ಸ್ನೇಹ ಮುರಿದವರನ್ನು ಕಂಡಿದ್ದೇನೆ, ಆದರೂ ಹೇಳುತ್ತೇನೆ.

ಡಿಎಂಆರ್‌ಗಳಲ್ಲಿ ಯಾವುದು

ಇಲ್ಲಿ ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ: ಮಿನಿ14.

ಒಂದು ಗುಂಡಿನ ಪೆಟ್ಟು ನೋಡಿದರೆ ಎಸ್‌ಎಲ್‌ಆರ್ ಮುಂದೆ, ಅದರ ಹಿಂದೆ ಎಸ್‌ಕೆಎಸ್, ಕೊನೆಗೆ ಮಿನಿ14. ಜನ ಇದನ್ನೇ ನೋಡಿ ಎಸ್‌ಎಲ್‌ಆರ್ ಎತ್ತಿಕೊಳ್ಳುತ್ತಾರೆ. ಆಮೇಲೆ ಎರಡನೇ ಗುಂಡು ಆಕಾಶಕ್ಕೆ ಹೋಗುತ್ತೆ. ಎಸ್‌ಎಲ್‌ಆರ್ ಒದೆತ ಅಂದರೆ ಒದೆತ. ಫೋನ್ ವಾಲಿಸಿ ಗುರಿ ಇಡುವ ಜೈರೋ ಚೆನ್ನಾಗಿ ಕೂತವರು, ನಾಲ್ಕು ಬೆರಳಲ್ಲಿ ಆಡುವವರು ಅದನ್ನು ಹಿಡಿದು ಕೂರಿಸುತ್ತಾರೆ. ಎರಡು ಹೆಬ್ಬೆರಳಲ್ಲಿ, ಬಿಸಿಯಾದ ಫೋನಿನಲ್ಲಿ ಆಡುವ ನನ್ನಂಥವನಿಗೆ ಮೂರನೇ ಗುಂಡು ಯಾರಿಗೆ ತಾಗುತ್ತೆ ಅನ್ನುವುದು ದೇವರಿಗೇ ಗೊತ್ತು. ಮೊದಲ ಎರಡು ಗುಂಡು ತಾಗಿದರೆ ಮಾತ್ರ ಎಸ್‌ಎಲ್‌ಆರ್ ಬಲಶಾಲಿ. ಕವರ್ ಕೊಡುವ ಕೆಲಸದಲ್ಲಿ ಎಂಟನೇ ಗುಂಡೂ ಅದೇ ಜಾಗಕ್ಕೆ ಹೋಗಬೇಕು.

ಎಸ್‌ಕೆಎಸ್ ಒಂದು ಖರ್ಚಿನ ಗನ್. ಮೂತಿ (ನಳಿಗೆಯ ತುದಿಗೆ ಹಾಕುವ ಸಾಮಾನು), ಹಿಡಿಕೆ, ಮ್ಯಾಗಜೀನ್, ಚೀಕ್ ಪ್ಯಾಡ್, ಸ್ಕೋಪ್, ಐದೂ ಜಾಗ ತುಂಬಿದಾಗ ರೇಷ್ಮೆಯಂತೆ ನಡೆಯುತ್ತೆ. ಬರಿಗೈಯಲ್ಲಿ ಹಿಡಿದರೆ ಕುಣಿಯುತ್ತೆ. ಅದಕ್ಕೆ ಎಲ್ಲ ಸಾಮಾನು ಹುಡುಕುವಷ್ಟರಲ್ಲಿ ಆಟದ ಜಾಗ ಕುಗ್ಗಿಸುವ ಜೋನ್ ಬಂದಿರುತ್ತೆ. ಸ್ಕ್ವಾಡ್‌ನಲ್ಲಿ ಇನ್ನೊಂದು ತೊಂದರೆಯೂ ಇದೆ. ಹಿಡಿಕೆ ನಿಮಗೆ ಬೇಕು, ಎಂ416 ರೈಫಲ್ ಹಿಡಿದು ಮುಂದೆ ನುಗ್ಗುವವನಿಗೂ ಬೇಕು. ಅವನಿಗೆ ಬಿಟ್ಟುಕೊಡುವುದೇ ಸರಿ, ಮುಂದೆ ಹೋಗಿ ಸಾಯುವವನು ಅವನು.

ಮಿನಿ14ಗೆ ಬೇಕಾಗುವುದು ಮೂರೇ: ಮೂತಿ, ಮ್ಯಾಗಜೀನ್, ಸ್ಕೋಪ್. ಏನೂ ಸಿಗದಿದ್ದರೂ 20 ಗುಂಡು ಇರುತ್ತೆ, ಎಸ್‌ಕೆಎಸ್ ಮತ್ತು ಎಸ್‌ಎಲ್‌ಆರ್‌ಗೆ ಇರುವುದು ಹತ್ತತ್ತು. ಎಕ್ಸ್‌ಟೆಂಡೆಡ್ ಹಾಕಿದರೆ ಇದಕ್ಕೆ 30, ಅವಕ್ಕೆ 20. ಗುಂಡು ವೇಗ, ಒದೆತ ಕಡಿಮೆ, ಗುರಿ ಬೇಗ ವಾಪಸ್ ಬರುತ್ತೆ. ಅಡ್ಡ ಓಡುವವನಿಗೆ ಹೊಡೆಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ. ಕೊರತೆ ಏನು ಅಂದರೆ ಪೆಟ್ಟು. ಲೆವೆಲ್ 3 ವೆಸ್ಟ್ ಹಾಕಿದವನಿಗೆ ನಾಲ್ಕೈದು ಗುಂಡು ಕೊಟ್ಟರೂ ಅವನು ಓಡಿಹೋಗಿ ಮನೆ ಸೇರುತ್ತಾನೆ. ಕಿಲ್ ಪಟ್ಟಿಯಲ್ಲಿ ನಿಮ್ಮ ಹೆಸರು ಕೆಳಗೇ ಇರುತ್ತೆ. ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಹಿಡಿಯಿರಿ.

ಕ್ಯೂಬಿಯು ಅನ್ನುವ ಡಿಎಂಆರ್ ಬಂದಿದ್ದು ಸಾನ್‌ಹೋಕ್ ಮ್ಯಾಪ್‌ಗಾಗಿ, ಮಿನಿ14 ಜಾಗಕ್ಕೆ. ಮಲಗಿ ಹೊಡೆದರೆ ಗನ್ ತನ್ನ ಎರಡು ಕಾಲುಗಳ ಮೇಲೆ ಕೂತು ಒದೆತ ಕಡಿಮೆಯಾಗುತ್ತೆ. ಆದರೆ ಸಾನ್‌ಹೋಕ್ 4 ಕಿಲೋಮೀಟರ್ ಅಗಲದ ಸಣ್ಣ ಮ್ಯಾಪ್, ತುಂಬಾ ಗಿಡಗಂಟಿ. ಮಲಗಿದರೆ ಹುಲ್ಲೇ ಕಾಣುವುದು. ಎಂಕೆ14 ಡ್ರಾಪ್ ಗನ್, ಬೇಕಾದರೆ ಫುಲ್ ಆಟೋದಲ್ಲೂ ಹೊಡೆಯುತ್ತೆ. ಸಿಕ್ಕರೆ ಯೋಚನೆಯೇ ಬೇಡ.

ಮದ್ದಿನ ಲೆಕ್ಕ, ಸ್ಕೋಪಿನ ಲೆಕ್ಕ

ಕಾರ್98, ಎಂ24, ಎಸ್‌ಕೆಎಸ್, ಎಸ್‌ಎಲ್‌ಆರ್ ಎಲ್ಲ 7.62 ಗುಂಡು ತಿನ್ನುತ್ತವೆ. ಮಿನಿ14 5.56. ನಿಮ್ಮ ಇನ್ನೊಂದು ಗನ್ ಎಂ416 ಅಥವಾ ಸ್ಕಾರ್ ಆಗಿದ್ದರೆ ಮಿನಿ14 ಜೊತೆ ಒಂದೇ ಮದ್ದು ಸಾಕು. ಚೀಲದಲ್ಲಿ ಉಳಿದ ಜಾಗಕ್ಕೆ ಸ್ಮೋಕ್, ಅಂದರೆ ಹೊಗೆ ಬಾಂಬ್ ತುಂಬಿ. ಹಿಂದೆ ನಿಲ್ಲುವವನ ಹತ್ತಿರ ಐದಾರು ಸ್ಮೋಕ್ ಇರಲೇಬೇಕು ಅಂತ ನನ್ನ ವಾದ. 7.62 ಗುಂಡಿನ ಎಕೆಎಂ ಆಡುವವರಾದರೆ ಎಸ್‌ಎಲ್‌ಆರ್ ಅಥವಾ ಎಸ್‌ಕೆಎಸ್ ಸರಿಹೋಗುತ್ತೆ. ಕಾರ್98ಗೆ ಇದು ಅಷ್ಟು ಮುಖ್ಯ ಅಲ್ಲ, ನಲವತ್ತು ಗುಂಡು ಇದ್ದರೆ ಇಡೀ ಮ್ಯಾಚ್ ಸಾಕು.

ಸ್ಕೋಪ್ ವಿಷಯದಲ್ಲಿ ನಾನು ಮಾಡಿದ ತಪ್ಪು ಎಲ್ಲರೂ ಮಾಡುತ್ತಾರೆ. 8ಎಕ್ಸ್ ಸಿಕ್ಕರೆ ಹಬ್ಬ. 8ಎಕ್ಸ್ ಒಳಗೆ ಕಣ್ಣಿಟ್ಟರೆ ಶತ್ರುವಿನ ಹೆಲ್ಮೆಟ್ಟಿನ ಗೀರು ಕಾಣುತ್ತೆ, ನಿಮ್ಮವನು ಯಾವ ಕಡೆ ಓಡಿದ ಅಂತ ಕಾಣಲ್ಲ. ಪಕ್ಕದಿಂದ ಇನ್ನೊಂದು ಸ್ಕ್ವಾಡ್ ಬಂದರೂ ಗೊತ್ತಾಗಲ್ಲ. ಕವರ್ ಕೊಡುವವನಿಗೆ ಶತ್ರು, ನಮ್ಮವನು ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಕಾಣಬೇಕು. 6ಎಕ್ಸ್ ಹಾಕಿ, ಅದನ್ನು 3ಎಕ್ಸ್‌ಗೆ ಇಳಿಸಿಕೊಳ್ಳಿ. ದೂರ ಜಾಸ್ತಿ ಇದ್ದಾಗ ಏರಿಸಿ. 4ಎಕ್ಸ್ ಇದ್ದರೂ ಆದೀತು. 8ಎಕ್ಸ್ ಬೋಲ್ಟ್‌ಗೆ ಮತ್ತು ಮಿರಾಮಾರ್ ಮ್ಯಾಪಿನ ಬೋಳು ಗುಡ್ಡಗಳಿಗೆ ಇರಲಿ.

ಮೂತಿಗೆ ಏನು ಹಾಕಬೇಕು ಅನ್ನುವ ಜಗಳ ಮುಗಿಯುವಂಥದ್ದಲ್ಲ. ಬೋಲ್ಟ್‌ಗೆ ಸದ್ದು ಅಡಗಿಸುವ ಸಪ್ರೆಸರ್, ಅದರಲ್ಲಿ ಎರಡು ಮಾತಿಲ್ಲ. ಹೊಡೆದವನು ಎಲ್ಲಿದ್ದಾನೆ ಅಂತ ಗೊತ್ತಾಗದಿದ್ದರೆ ಎರಡನೇ ಗುಂಡಿಗೆ ಅವಕಾಶ ಸಿಗುತ್ತೆ. ಡಿಎಂಆರ್‌ಗೆ ನಾನು ಕಾಂಪೆನ್ಸೇಟರ್ ಹಾಕುತ್ತೇನೆ. ಒದೆತ ಕಡಿಮೆಯಾಗುತ್ತೆ, ಸದ್ದೂ ಇರುತ್ತೆ. ಕೆಲವೊಮ್ಮೆ ಆ ಸದ್ದೇ ಬೇಕು. ಎದುರಿನವರು ನನ್ನ ಕಡೆ ತಿರುಗಿ ಹೊಡೆದರೆ ಮರದ ಹಿಂದೆ ಕೂತವನ ಕಡೆ ಹೊಡೆಯುತ್ತಿಲ್ಲ ಅಂತ ಅರ್ಥ.

ಬೇರೆ ಗೇಮ್‌ಗಳು ಇದನ್ನು ಹೇಗೆ ತೂಗಿಸಿವೆ

ದೂರದ ಗನ್ ಯಾವ ಗೇಮ್‌ಗೂ ತಲೆನೋವೇ. ಬಲ ಜಾಸ್ತಿಯಾದರೆ ಉಳಿದವರಿಗೆ ಆಟವೇ ಬೇಡವಾಗುತ್ತೆ, ಕಡಿಮೆಯಾದರೆ ಯಾರೂ ಎತ್ತಿಕೊಳ್ಳಲ್ಲ. ಕೌಂಟರ್ ಸ್ಟ್ರೈಕ್ ಇದನ್ನು ದುಡ್ಡಿನಲ್ಲಿ ತೂಗಿಸಿದೆ. ಅಲ್ಲಿನ ಸ್ನೈಪರ್ ಎಡಬ್ಲ್ಯೂಪಿಗೆ ಗೇಮಿನ ದುಡ್ಡಲ್ಲಿ 4750 ಡಾಲರ್, ಮೇಲಾಗಿ ಅದರಿಂದ ಕೊಂದರೆ ಸಿಗುವುದು 100, ಸಾಮಾನ್ಯ ರೈಫಲ್‌ಗಾದರೆ 300. ಅಷ್ಟೂ ಸಾಲದು ಅನ್ನಿಸಿ 2022ರ ನವೆಂಬರ್‌ನಲ್ಲಿ ಮ್ಯಾಗಜೀನ್‌ನ 10 ಗುಂಡನ್ನು 5ಕ್ಕೆ ಇಳಿಸಿದರು. ವ್ಯಾಲರಂಟ್ ಗೇಮಿನ ಆಪರೇಟರ್ ಅನ್ನುವ ಸ್ನೈಪರ್‌ನ ಬೆಲೆ ಬಂದಾಗ 4500 ಇತ್ತು, 2020ರಲ್ಲಿ 5000ಕ್ಕೆ ಏರಿತು, ಆಮೇಲೆ 4700ಕ್ಕೆ ಬಂತು. ಬೆಲೆಯನ್ನೇ ಹಿಂದೆಮುಂದೆ ಆಡಿಸುತ್ತಾ ಇದ್ದಾರೆ.

ನನಗೆ ಇಷ್ಟವಾದ ದಾರಿ ಬೇರೆಯವರದ್ದು. ಟೀಮ್ ಫೋರ್ಟ್ರೆಸ್ 2ನಲ್ಲಿ ಗಾಯ ವಾಸಿ ಮಾಡುವ ಮೆಡಿಕ್ ಪಾತ್ರದ ಕೈಗೆ ಒಂದು ಅಡ್ಡಬಿಲ್ಲು ಕೊಟ್ಟಿದ್ದಾರೆ. ಅದರ ಬಾಣ ನಮ್ಮವನಿಗೆ ತಾಗಿದರೆ ಗಾಯ ವಾಸಿಯಾಗುತ್ತೆ. ಹತ್ತಿರದಿಂದಾದರೆ 75, ದೂರದಿಂದ ತಾಗಿಸಿದರೆ 150ರ ತನಕ. ಜಿಗಿಯುತ್ತಾ ಓಡುವ ಗೆಳೆಯನಿಗೆ ದೂರದಿಂದ ಬಾಣ ತಾಗಿಸುವುದು ಎಷ್ಟು ಕಷ್ಟವೋ ಅಷ್ಟೇ ಫಲ. ಓವರ್‌ವಾಚ್‌ಗೆ 2016ರಲ್ಲಿ ಬಂದ ಆನಾ ಅನ್ನುವ ಪಾತ್ರ ಕೂಡ ಹಾಗೇ. ಒಂದೇ ರೈಫಲ್, ಶತ್ರುವಿಗೆ ತಾಗಿದರೆ ಪೆಟ್ಟು, ನಮ್ಮವರಿಗೆ ತಾಗಿದರೆ ಔಷಧಿ. ಇಲ್ಲಿ ಗುರಿ ಚೆನ್ನಾಗಿರುವವನಿಗೆ ಸಪೋರ್ಟ್ ಮಾಡುವ ಆಸೆ ತಾನಾಗೇ ಬರುತ್ತೆ.

ಬಿಜಿಎಂಐನಲ್ಲಿ ಗಾಯ ವಾಸಿ ಮಾಡುವ ಗುಂಡಿಲ್ಲ. ಬೋಲ್ಟ್ ಎಳೆಯುವ ಹೊತ್ತು, ಗುಂಡಿನ ಇಳಿತ, ಹೆಲ್ಮೆಟ್, ರಿವೈವ್ ಇವೇ ಇಲ್ಲಿ ತಕ್ಕಡಿಯ ಕಲ್ಲುಗಳು. ಚೆನ್ನಾಗೇ ತೂಗುತ್ತವೆ. ಆದರೆ ಮ್ಯಾಚ್ ಮುಗಿದ ಮೇಲೆ ತೋರಿಸುವ ಪಟ್ಟಿಯಲ್ಲಿ ಕಿಲ್ ಇದೆ, ಡ್ಯಾಮೇಜ್ ಇದೆ. ತಡೆದು ನಿಲ್ಲಿಸಿದ್ದಕ್ಕೆ ಒಂದು ಕಾಲಂ ಇಲ್ಲ. ಜನ ಮಾಂಟಾಜ್ ಹಿಂದೆ ಬೀಳುವುದರಲ್ಲಿ ಅವರದ್ದೇ ತಪ್ಪು ಅನ್ನಲಾಗದು.

ಮೊನ್ನೆ ಹೆಚ್ಚುಕಮ್ಮಿ ಅದೇ ಸ್ಥಿತಿ ಮತ್ತೆ ಬಂತು. ಪೊಚಿಂಕಿ ಊರಿನ ಹೊರಗಿನ ಹೊಲ, ನಮ್ಮವನು ನಾಕ್, ಇನ್ನೊಬ್ಬ ಎಬ್ಬಿಸಲು ಕೂತಿದ್ದ, ಎದುರಿನ ಶೆಡ್ ಕಿಟಕಿಯಲ್ಲಿ ಒಬ್ಬ. ನನ್ನ ಕೈಯಲ್ಲಿ ಮಿನಿ14, 6ಎಕ್ಸ್ 3ಕ್ಕೆ ಇಳಿಸಿದ್ದೆ. ಕಿಟಕಿಯ ಚೌಕಟ್ಟಿಗೆ ಒಂದೊಂದಾಗಿ ಹಾಕುತ್ತಾ ಹೋದೆ. ಒಂದು ಸಲ ಅವನ ಗನ್ನಿನ ತುದಿ ಕಂಡಿತು, ಒಳಗೆ ಹೋಯಿತು. ಹತ್ತೊಂಬತ್ತು ಗುಂಡು. ಒಂದೂ ತಾಗಲಿಲ್ಲ. ಮಲಗಿದ್ದವನು ಎದ್ದು, ಗುಡ್ಡ ಹತ್ತಿ ಬಂದು, ನನ್ನ ಪಕ್ಕ ಕೂತು ಕೇಳಿದ್ದು ಒಂದೇ: "ಫಸ್ಟ್ ಏಡ್ ಇದೆಯೇನೋ?"